ಗಾಳಿ ಬೀಸಿದಂಥ ಠೀವಿ

ವಿಯೆಟ್ನಾಮಿನ ಭಾಷೆಯನ್ನು ಕಂಡರೆ ನಮ್ಮ ಙ-ಕಾರಕ್ಕೆ ಹೊಟ್ಟೆಕಿಚ್ಚಾಗಬೇಕು. ಕವರ್ಗದ ಕೊನೆಯಲ್ಲಿ ಕೆಲಸವಿಲ್ಲದೆ ಕೂತು, ಒಂದನೇ ಕ್ಲಾಸಿನ ಮಕ್ಕಳ ಬಾಯಲ್ಲಿ ಮಾತ್ರ ಬದುಕಿರುವ ಅಕ್ಷರ ಅದು. ಅಲ್ಲಿ ಅದೇ ಅಕ್ಷರ ಪದದ ತಲೆಬಾಗಿಲಲ್ಲಿ ನಿಲ್ಲುತ್ತದೆ. ಗಂಭೀರವಾದ, ಘನವಾದ ನಿಲುವಿಗೆ ಅವರು ಹೇಳುವ ಮಾತೇ 'ವೀ ಙೀ'.

ಈ ಮಾತು ಚೀನೀ ಮೂಲದ್ದು. ಬೌದ್ಧ ಮಠಗಳಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆ: ಭಿಕ್ಷು ನಡೆಯುವಾಗ, ನಿಂತಾಗ, ಮಲಗಿದಾಗ, ಕೂತಾಗ ಕಾಯ್ದುಕೊಳ್ಳಬೇಕಾದ ಶಿಸ್ತು. ಪಾಲಿಯಲ್ಲಿ 'ಇರಿಯಾಪಥ' ಎನಿಸಿಕೊಂಡದ್ದು ಚೀನಾ ಸುತ್ತಿ ಅಲ್ಲಿಗೆ ಮುಟ್ಟಿದೆ. ನಡಿಗೆಯಲ್ಲಿ ಘನತೆ ಯಾರಾದರೂ ತೋರಿಯಾರು. ಗೊರಕೆ ಹೊಡೆಯುತ್ತಲೂ ಅದನ್ನು ಉಳಿಸಿಕೊಳ್ಳುವುದು ಸಂಸಾರಿಗಳಿಗೆ ಆಗುವ ಮಾತಲ್ಲ.

ದಂಡನಾಯಕರಿಗೆ ಸಲ್ಲುವ ಬಿರುದೇ ಬೇರೆ: 'ವಾಯ್ ಫೋಂಗ್ ಲಮ್ ಲಿಯೆತ್'. ಮೊದಲನೆಯದು ಪ್ರತಾಪ, ಎರಡನೆಯದು ಗಾಳಿ, ಮೂರನೆಯದರ ಮೂಲದಲ್ಲಿ ಕೊರೆಯುವ ಚಳಿ. ಆಸಾಮಿ ಒಳಗೆ ಕಾಲಿಟ್ಟರೆ ಗಾಳಿ ಬೀಸಬೇಕು, ಕೂತವರ ಬೆನ್ನಲ್ಲಿ ಚಳುಕು ಹುಟ್ಟಬೇಕು. ಇದನ್ನು ಕಣ್ಣಾರೆ ಕಾಣಬೇಕಾದರೆ ಅಲ್ಲಿನ ಸಾಂಪ್ರದಾಯಿಕ 'ತುವೊಂಗ್' ನಾಟಕ ನೋಡಬೇಕು. ನಿಷ್ಠಾವಂತ ಸೇನಾಪತಿಗೆ ಕೆಂಪು ಬಳಿದ ಮುಖ, ಬೆನ್ನಿಗೆ ಸಿಕ್ಕಿಸಿದ ಬಾವುಟಗಳು. ನಟ ತಿರುಗಿದನೆಂದರೆ ಬಾವುಟಗಳೂ ಪಟಪಟನೆ ತಿರುಗುತ್ತವೆ. ಗಾಳಿ ಎಲ್ಲಿಂದ ಬಂತೆಂದು ಆಮೇಲೆ ಕೇಳುವ ಹಾಗೇ ಇಲ್ಲ. ಮಿನ್ ಮಾಂಗ್ ದೊರೆ 1826ರಲ್ಲಿ ರಾಜಧಾನಿ ಹ್ವೆಯ ಅರಮನೆಯೊಳಗೇ ಈ ನಾಟಕಕ್ಕೊಂದು ರಂಗಮಂದಿರ ಕಟ್ಟಿಸಿದ. ಹೊರಗೆ ದರ್ಬಾರು ನಡೆಯುತ್ತಿದ್ದ ಥಾಯ್ ಹ್ವಾ ಅರಮನೆಯ ಅಂಗಳದಲ್ಲಿ ಯಾವ ದರ್ಜೆಯ ಅಧಿಕಾರಿ ಎಲ್ಲಿ ನಿಲ್ಲಬೇಕೆಂಬುದಕ್ಕೂ ಗುರುತಿನ ಕಲ್ಲುಗಳಿದ್ದವು. ಅಲ್ಲಿ ಘನತೆ ಅಂದರೆ ಅರ್ಧಪಾಲು ತನ್ನ ಕಲ್ಲು ಬಿಟ್ಟು ಕದಲದಿರುವುದು.

ದೊರೆಯನ್ನು 'ಬೆ ಹಾ' ಎಂದು ಕರೆಯುತ್ತಿದ್ದರು. ಪದದ ಒಡಲಲ್ಲಿರುವುದು 'ಸಿಂಹಾಸನದ ಮೆಟ್ಟಿಲ ಕೆಳಗೆ'. ದೊರೆಯನ್ನೇ ನೇರ ಮಾತಾಡಿಸುವ ಎದೆಗಾರಿಕೆಯಿಲ್ಲದೆ ಮೆಟ್ಟಿಲಡಿಯ ಪರಿವಾರದವರ ಮೂಲಕ ಅರಿಕೆ ಮಾಡಿಕೊಂಡ ಹಾಗೆ. 1945ರ ಆಗಸ್ಟ್ 30ರಂದು ಕೊನೆಯ ಅರಸ ಬಾವೊ ದಾಯ್ ಹ್ವೆಯ ಙೊ ಮೋನ್ ಹೆಬ್ಬಾಗಿಲಲ್ಲಿ ಮುದ್ರೆ, ಖಡ್ಗ ಒಪ್ಪಿಸಿ ಪ್ರಜೆಯಾದ. ಆ ಸಂಬೋಧನೆ ಈಗ ನಾಟಕ, ಸಿನಿಮಾಗಳ ಪಾಲು.

ಇವೆಲ್ಲ ಎರವಲು ತಂದ ಪೋಷಾಕು. ಜನ ತಮ್ಮ ಮನೆಮಾತಿಗೆ ಇಳಿದ ಕೂಡಲೇ ನಗೆ ಶುರು. 'ಚೆಮ್ ಚೆ' ಎಂದರೆ ಜಾಗವೆಲ್ಲ ತನ್ನದೇ ಎಂಬಂತೆ ದರ್ಬಾರಾಗಿ ಕೂರುವುದು. ಸೋಫಾ ಹಿಡಿದ ಬೆಕ್ಕಿಗೂ ಧಾರಾಳವಾಗಿ ಸಲ್ಲುತ್ತದೆ. ನಾವೂ ಹಾಗೇ ಅಲ್ಲವೇ? ಹಿರಿಯರಿಗಾದರೆ ಸಂಸ್ಕೃತದ 'ಗಾಂಭೀರ್ಯ', ಪಕ್ಕದ ಮನೆಯವನಿಗಾದರೆ 'ಡೌಲು'.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹುಡುಗರ ಆಡುಮಾತು: 'ವಾಯ್ಕ್ ಸಾ ಲಾಯ್ಕ್'. ಮೊದಲನೆಯದು ಗತ್ತು, ಉಳಿದದ್ದು ಫ್ರೆಂಚರಿಂದ ಬಂದ ಸಲಾಡ್ ಸೊಪ್ಪು. ಪ್ರಾಸ ಕೂಡಿತೆನ್ನುವುದು ಬಿಟ್ಟರೆ ಗತ್ತಿಗೂ ಸೊಪ್ಪಿಗೂ ಸಂಬಂಧವೇ ಇಲ್ಲ. ಹೊಸ ಅಂಗಿ ತೊಟ್ಟು ಸ್ಕೂಟರ್ ಏರಿದ ಗೆಳೆಯನಿಗೆ ಹೇಳಿ ಮಾಡಿಸಿದ ಮಾತು. ಮಿನ್ ಮಾಂಗ್ ದೊರೆಗೆ ಇದನ್ನು ಕೇಳುವ ಯೋಗ ಬರಲಿಲ್ಲ. ಅವನ ಕಾಲಕ್ಕೆ ಫ್ರೆಂಚರ ಆಳ್ವಿಕೆ ಇನ್ನೂ ಬಂದಿರಲಿಲ್ಲ.