ಉಯೆನೋದ ನಕಲು ಸುರುಳಿಗಳು

ಟೋಕಿಯೋ ನಗರದ ಉಯೆನೋ ದಿಣ್ಣೆಯೆಲ್ಲ ಒಂದು ಕಾಲಕ್ಕೆ ಕಾನ್‌ಎಯಿಜಿ ಎಂಬ ಬೌದ್ಧ ದೇವಾಲಯದ ಆವರಣವಾಗಿತ್ತು. 1868ರಲ್ಲಿ ತೊಕುಗಾವ ಪಕ್ಷದ ಯೋಧರು ಹೊಸ ಸರ್ಕಾರದ ತೋಪುಗಳಿಗೆ ಎದುರಾಗಿ ಇಲ್ಲಿಯೇ ಕಾದಿ ಸೋತರು. ದೇವಾಲಯದ ಬಹುಭಾಗ ಸುಟ್ಟುಹೋಯಿತು. ಆ ನೆಲದಲ್ಲಿ ಈಗ ಚೆರಿ ಮರಗಳೂ ಮಕ್ಕಳ ಗಲಾಟೆಯೂ ತುಂಬಿವೆ. ಉದ್ಯಾನದ ಒಂದು ತುದಿಯಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಅದರ ಹಳೆಯ ಕಟ್ಟಡ 1923ರ ಭೂಕಂಪಕ್ಕೆ ಈಡಾದುದರಿಂದ ಈಗಿರುವ ಮುಖ್ಯ ಕಟ್ಟಡ 1938ರಲ್ಲಿ ತೆರೆದದ್ದು.

ಕತ್ತಿಗಳ ಕೋಣೆಯನ್ನು ನಾವು ಬೇಗ ದಾಟಿದೆವು. ಬಲ್ಲವರಿಗೆ ಅಲ್ಲಿ ಒಂದು ದಿನವೂ ಸಾಲದು. ನಮ್ಮಂಥವರಿಗೆ ಹತ್ತನೆಯ ಕತ್ತಿಯೂ ಮೊದಲನೆಯದರಂತೆಯೇ ಹೊಳೆಯುತ್ತದೆ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಯುದ್ಧಚಿತ್ರದ ಒಂದು ಉದ್ದನೆಯ ಸುರುಳಿ. ಗಾಜಿನ ಪೆಟ್ಟಿಗೆಯೊಳಗೆ ಕುದುರೆಗಳು ನೆಗೆಯುತ್ತಿದ್ದವು, ಬಿಲ್ಲುಗಳು ಬಾಗಿದ್ದವು. ಪಕ್ಕದ ಚೀಟಿಯನ್ನು ಓದಿದ ನಮ್ಮ ಭಾವ, “ಏನಯ್ಯಾ, ಇದು ನಕಲಂತೆ! ನಕಲು ನೋಡೋದಕ್ಕೆ ಸಮುದ್ರ ದಾಟಿ ಬಂದೆವೇನು?” ಎಂದರು.

ಪ್ರಶ್ನೆ ನ್ಯಾಯವಾದುದೇ. ಆದರೆ ಕಚೇರಿಯಲ್ಲಿ ದಿನಬೆಳಗಾದರೆ ನಿಜಪ್ರತಿಗಳನ್ನು ಮೂಲದೊಡನೆ ತಾಳೆ ನೋಡುವ ನಮಗೆ ನಕಲು ಎಂಬ ಮಾತಿನಲ್ಲಿ ಅಷ್ಟು ತಾತ್ಸಾರವಿಲ್ಲ. ಮೂಲವೇ ಕಳೆದುಹೋದರೆ ಗತಿ ಏನು? ಈ ಸುರುಳಿಯ ಕಥೆ ಅದೇ.

1160ರ ಸುಮಾರಿಗೆ ಕ್ಯೋತೋ ನಗರದಲ್ಲಿ ತಾಯಿರಾ, ಮಿನಮೋತೊ ಎಂಬ ಎರಡು ಯೋಧಕುಲಗಳು ಹೊಡೆದಾಡಿದವು. ಹೇಯಿಜಿ ಕಥೆಯೆಂದು ಅದು ಪ್ರಸಿದ್ಧ. ಹದಿಮೂರನೆಯ ಶತಮಾನದಲ್ಲಿ ಅದನ್ನು ಚಿತ್ರಸುರುಳಿಗಳಾಗಿ ಬರೆದರು. ಅವುಗಳಲ್ಲಿ ಒಂದು ಇದೇ ಸಂಗ್ರಹಾಲಯದಲ್ಲಿದೆ, ಒಂದು ಟೋಕಿಯೋದ ಸೇಯಿಕಾದೋ ಸಂಗ್ರಹದಲ್ಲಿ, ಅರಮನೆಗೆ ಬೆಂಕಿಯಿಟ್ಟ ರಾತ್ರಿಯ ಸುರುಳಿ ಅಮೆರಿಕದ ಬಾಸ್ಟನ್ನಿನಲ್ಲಿ. ರೊಕುಹಾರ ಕಾಳಗದ ಸುರುಳಿಯನ್ನು ಯಾರೋ ತುಂಡುತುಂಡಾಗಿ ಕತ್ತರಿಸಿ ಹಂಚಿಬಿಟ್ಟರು. ತುಂಡುಗಳ ಅನುಕ್ರಮ ತಿಳಿಯಲು ಹಳೆಯ ನಕಲೇ ಆಧಾರ. ತೈಕೆನ್ ಬಾಗಿಲಿನ ಕಾಳಗದ ಗತಿ ಇನ್ನೂ ಕಷ್ಟ. ಹತ್ತೊಂಬತ್ತರ ಹುಡುಗ ಯೋಶಿಹಿರ ಹದಿನೇಳು ಸವಾರರೊಡನೆ ಐನೂರು ಮಂದಿಯ ಮೇಲೆ ನುಗ್ಗಿದನೆಂದು ಕಥೆ ಹೇಳುವ ಆ ಕಾಳಗದ ಮೂಲಸುರುಳಿ ಈಗ ಎಲ್ಲಿಯೂ ಇಲ್ಲ. ಉಳಿದಿರುವುದು ನಕಲುಗಳು ಮಾತ್ರ. ಭಾವ ಬೇಸರಪಟ್ಟು ನೋಡುತ್ತಿದ್ದುದು ಅಂಥ ಒಂದನ್ನು.

ನಕಲು ಮಾಡುವ ರೀತಿಯೂ ಕೇಳತಕ್ಕದ್ದು. ಮೂಲದ ಮೇಲೆ ತೆಳುವಾದ ಕಾಗದ ಹಾಸಿ, ಮೇಲ್ತುದಿಗೆ ಭಾರವಿಟ್ಟು, ಎಡಗೈಯಿಂದ ಕಾಗದವನ್ನು ಸುತ್ತಿ ಎತ್ತುತ್ತಾರೆ. ಕೆಳಗಿನ ಗೆರೆಯನ್ನು ಕಣ್ಣಿಗೆ ತುಂಬಿಕೊಂಡು ಒಡನೆಯೇ ಕಾಗದವನ್ನು ಇಳಿಸಿ, ಆ ನೆನಪು ಮಾಸುವ ಮೊದಲೇ ಬಲಗೈಯ ಕುಂಚದಿಂದ ಎಳೆಯುತ್ತಾರೆ. ಎತ್ತುವುದು, ಇಳಿಸುವುದು, ಎಳೆಯುವುದು. ಹೀಗೆ ಒಂದು ಕುದುರೆಯ ಬಾಲಕ್ಕೇ ಎಷ್ಟು ಸಲವೋ! ಬಣ್ಣ ತುಂಬಲು ಸಮಯವಿಲ್ಲದಿದ್ದರೆ ಗೆರೆ ಮಾತ್ರ ಬರೆದು, ಆಯಾ ಜಾಗದಲ್ಲಿ ಬಣ್ಣದ ಹೆಸರನ್ನು ಬರೆದಿಡುವುದುಂಟು. ಮೂಲದಲ್ಲಿ ಹುಳು ತಿಂದ ತೂತಿದ್ದರೆ ಅದರ ಅಂಚನ್ನೂ ಬರೆಯುವ ನಿಷ್ಠಾವಂತರಿದ್ದರು. ತಮ್ಮ ಕಡೆಯಿಂದ ಏನನ್ನೂ ಸೇರಿಸುವುದಿಲ್ಲವೆಂಬ ಆ ಹಟ ನಮಗೆ ಬಹಳ ಹಿಡಿಸಿತು.

ಆದರೂ ಕಣ್ಣೊಂದೇ ಸಾಲದು. ಯುದ್ಧವಿದ್ಯೆಯ ತಿಳಿವಳಿಕೆಯೂ ಬೇಕು. ಜಪಾನಿ ಬಿಲ್ಲು ಆಳಿಗಿಂತ ಎತ್ತರ, ಎರಡು ಮೀಟರಿಗೂ ಹೆಚ್ಚು. ಅದನ್ನು ನಡುವೆ ಹಿಡಿಯುವುದಿಲ್ಲ. ಕೆಳಗಿನಿಂದ ಸುಮಾರು ಮೂರನೆಯ ಒಂದು ಭಾಗದಲ್ಲಿ ಹಿಡಿಯುತ್ತಾರೆ. ಸವಾರನು ಶತ್ರುವನ್ನು ತನ್ನ ಎಡಕ್ಕೆ ಇಟ್ಟುಕೊಳ್ಳಲು ಹವಣಿಸುತ್ತಾನೆ, ಬಾಣ ಹೊರಡುವುದು ಆ ಕಡೆಗೆ. ಎದೆಯ ಕವಚದ ಮೇಲೆ ನುಣುಪಾದ ತೊಗಲು ಹೊದಿಸಿರುವುದು ಬಿಲ್ಲಿನ ಹೆದೆ ಸಿಕ್ಕಿಕೊಳ್ಳದಿರಲೆಂದು. ಇದನ್ನರಿಯದವನು ಕೈಯನ್ನು ನಾಲ್ಕು ಬೆರಳು ಮೇಲಕ್ಕೆ ಬರೆದರೆ ಸಾಕು, ಬಿಲ್ಗಾರ ಕೋಲು ಹಿಡಿದವನಾಗಿಬಿಡುತ್ತಾನೆ. ನಾವು ಗಾಜಿಗೆ ಮೂಗೊತ್ತಿ ಒಂದೊಂದೇ ಕೈಯನ್ನು ಪರಿಶೀಲಿಸಿದೆವು. ಎಲ್ಲವೂ ಸರಿಯಾಗಿದ್ದವು. ಭಾವನೂ ಬಗ್ಗಿ ನೋಡತೊಡಗಿದರು.

ಇಂಥ ಪಳಗಿದ ಕೈಯೊಂದು ನಮ್ಮ ದೇಶಕ್ಕೂ ಬಂದಿತ್ತು. ಮುಂಬಯಿ, ಪುಣೆಗಳ ನಮ್ಮ ಬಂಧುಗಳಲ್ಲಿ ಅಜಂತಾ ನೋಡದವರು ಕಡಿಮೆ. ಅರಾಯಿ ಕಾಂಪೊ ಎಂಬ ಜಪಾನಿ ಚಿತ್ರಕಾರ ರವೀಂದ್ರನಾಥ ಠಾಕೂರರ ಕರೆಯ ಮೇಲೆ 1916ರಲ್ಲಿ ಕಲಕತ್ತೆಗೆ ಬಂದು, ಅನಂತರ ಆ ಗುಹೆಗಳ ಭಿತ್ತಿಚಿತ್ರಗಳನ್ನು ನಕಲು ಮಾಡಿದರು. ಅವರ ನಕಲುಗಳನ್ನು ಟೋಕಿಯೋದ ವಿಶ್ವವಿದ್ಯಾನಿಲಯದಲ್ಲಿ ಇಟ್ಟಿದ್ದರು. 1923ರ ಸೆಪ್ಟೆಂಬರ್ 1ರ ಭೂಕಂಪದ ಬೆಂಕಿಯಲ್ಲಿ ಅವು ಬೂದಿಯಾದವು. ಗುಹೆಯ ಮೂಲ ನಮ್ಮಲ್ಲಿ ಉಳಿದಿದೆ, ನಕಲು ಹೋಯಿತು. ತೈಕೆನ್ ಬಾಗಿಲಿನ ಲೆಕ್ಕಕ್ಕೆ ಇದು ತಿರುಗಾಮುರುಗಾ! 1940ರಲ್ಲಿ ಹೋರ್ಯೂಜಿ ದೇವಾಲಯದ ಗೋಡೆಚಿತ್ರಗಳ ನಕಲು ಆರಂಭವಾದಾಗ ಕಾಂಪೊ ಮತ್ತೆ ಕುಂಚ ಹಿಡಿದರು. ಕೆಲಸ ಮುಗಿಯುವ ಮೊದಲೇ, 1945ರಲ್ಲಿ, ತೀರಿಕೊಂಡರು. 1949ರ ಜನವರಿ 26ರಂದು ಆ ಗೋಡೆಗಳಿಗೂ ಬೆಂಕಿ ತಗುಲಿತು. ಆಗ ಉಳಿದವು ನಕಲುಗಳೇ.

ಸಂಗ್ರಹಾಲಯದಿಂದ ಹೊರಬಿದ್ದು ಸ್ವಲ್ಪ ನಡೆದರೆ ಟೋಕಿಯೋ ಕಲಾ ವಿಶ್ವವಿದ್ಯಾನಿಲಯ. ಹಳೆಯ ಚಿತ್ರಗಳ ನಕಲು ಮಾಡುವುದನ್ನು ಅಲ್ಲಿ ಇಂದಿಗೂ ಕಲಿಸುತ್ತಾರೆ. ಬಾಗಿಲಿನ ಬಳಿ ಒಬ್ಬ ಹುಡುಗಿ ಸುತ್ತಿದ ಕಾಗದವೊಂದನ್ನು ಎಳೆಗೂಸಿನಂತೆ ಎರಡು ಕೈಗಳಲ್ಲಿ ಹಿಡಿದು ಒಳಗೆ ಹೋಗುತ್ತಿದ್ದಳು. ಭಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.