ಭಂಗಾರ, ಬಂಗಾರ ಮತ್ತು ಹಳೆಯ ಕಾರು

ಉಮರ್ಗಾ, ನಿಲಂಗಾ, ಉದಗೀರಗಳ ಪೇಟೆಯಲ್ಲಿ ಎರಡು ಶಬ್ದಗಳು ಅಕ್ಕಪಕ್ಕದಲ್ಲಿ ಬಾಳುತ್ತವೆ. ಮರಾಠಿಯ ‘ಭಂಗಾರ’ ಎಂದರೆ ಗುಜರಿ. ಕನ್ನಡದ ‘ಬಂಗಾರ’ ಎಂದರೆ ಚಿನ್ನ. ಇವೆರಡನ್ನು ಬೇರ್ಪಡಿಸುವುದು ಮಹಾಪ್ರಾಣದ ಒಂದು ಉಸಿರು ಮಾತ್ರ. ಆಡುಮಾತಿನಲ್ಲಿ ಮಹಾಪ್ರಾಣವನ್ನು ಸಡಿಲಿಸುವ ಕನ್ನಡ ನಾಲಗೆಗೆ ಆ ಅಂತರವೂ ಅನೇಕ ವೇಳೆ ಉಳಿಯುವುದಿಲ್ಲ. ಹಳೆಯ ಕಾರನ್ನು ಮುರಿಯಲು ಕೊಟ್ಟವರಿಗೆ ಹೊಸ ಕಾರಿನ ಮೇಲೆ ರಿಯಾಯಿತಿ ಎಂದು ಸರ್ಕಾರ ಸಾರಿದಾಗ, ಅದು ಹೇಳಹೊರಟದ್ದು ಇದನ್ನೇ: ನಿಮ್ಮ ಭಂಗಾರವನ್ನು ಬಂಗಾರ ಮಾಡಿಕೊಡುತ್ತೇವೆ. ಈ ಮಾತು ಎಷ್ಟರಮಟ್ಟಿಗೆ ನಿಜ, ಯಾರ ಪಾಲಿಗೆ ನಿಜ ಎಂಬುದು ವಿಚಾರಿಸಬೇಕಾದ ಸಂಗತಿ.

ಈ ಮೂರು ಊರುಗಳಲ್ಲಿ ವಾಹನವೆಂಬುದು ಸೊಗಸಿನ ವಸ್ತುವಲ್ಲ. 1956ರ ನವೆಂಬರ್ 1ಕ್ಕೆ ಮೊದಲು ನಿಲಂಗಾ ಮತ್ತು ಉದಗೀರ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅಹಮದಪುರದೊಡನೆ ಅವು ಮುಂಬಯಿ ರಾಜ್ಯಕ್ಕೆ ಸೇರಿದವು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಮೈಸೂರಿಗೆ ಬಂದವು. ಗೆರೆ ಎಳೆದವರು ಜಿಲ್ಲೆಯನ್ನು ಹಂಚಿದರು, ಬೀಗತನವನ್ನು ಹಂಚಲಾಗಲಿಲ್ಲ. ಇಂದಿಗೂ ಉದಗೀರದ ಮಗಳು ಭಾಲ್ಕಿಯ ಸೊಸೆಯಾಗುತ್ತಾಳೆ. ಉಮರ್ಗಾದ ರೋಗಿ ಸೊಲ್ಲಾಪುರಕ್ಕೋ ಕಲಬುರಗಿಗೋ ಹೋಗುತ್ತಾನೆ. ಬಸ್ಸು ತಪ್ಪಿದರೆ ‘ಕಾಳಿ-ಪಿವಳಿ’ ಎಂದು ಕರೆಯಲ್ಪಡುವ ಕಪ್ಪು-ಹಳದಿ ಜೀಪು, ಗಡಿ ದಾಟಿದ ಮೇಲೆ ಕ್ರೂಸರು. ಮನೆಯಲ್ಲೊಂದು ಹಳೆಯ ಕಾರಿದ್ದರೆ ಅದು ಇಡೀ ಓಣಿಯ ಆಪದ್ಬಾಂಧವ.

ಸರ್ಕಾರದ ನೀತಿಯ ವಿವರ ಹೀಗಿದೆ. 2021ರ ಫೆಬ್ರವರಿಯ ಮುಂಗಡಪತ್ರದಲ್ಲಿ ಸೂಚಿತವಾದ ಸ್ವಯಂಪ್ರೇರಿತ ವಾಹನ ಗುಜರಿ ನೀತಿಯನ್ನು ಅದೇ ವರ್ಷ ಆಗಸ್ಟ್ 13ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ನೋಂದಾಯಿತ ಗುಜರಿ ಕೇಂದ್ರಕ್ಕೆ ವಾಹನವನ್ನು ಒಪ್ಪಿಸಿದವನಿಗೆ ಒಂದು ಠೇವಣಿ ಪ್ರಮಾಣಪತ್ರ ದೊರೆಯುತ್ತದೆ. ಅದನ್ನು ತೋರಿಸಿ ಹೊಸ ವಾಹನ ಕೊಂಡರೆ ರಾಜ್ಯಗಳು ಮೋಟಾರು ತೆರಿಗೆಯಲ್ಲಿ ಸ್ವಂತ ಬಳಕೆಯ ವಾಹನಕ್ಕೆ ಗರಿಷ್ಠ ಶೇ. 25, ಬಾಡಿಗೆ ವಾಹನಕ್ಕೆ ಗರಿಷ್ಠ ಶೇ. 15 ರಿಯಾಯಿತಿ ಕೊಡಬಹುದು. ಗುಜರಿಯ ಬೆಲೆ ಹೊಸ ವಾಹನದ ಷೋರೂಂ ಬೆಲೆಯ ಶೇ. 4ರಿಂದ 6ರಷ್ಟಾದೀತೆಂದು ಸಚಿವಾಲಯ ಅಂದಾಜಿಸಿತ್ತು. 2024ರ ಆಗಸ್ಟ್‌ನಲ್ಲಿ ಕಾರು ತಯಾರಕರು ತಮ್ಮ ಪಾಲಿನದಾಗಿ ಬೆಲೆಯ ಶೇ. 1.5 ಅಥವಾ 20,000 ರೂಪಾಯಿ, ಇವುಗಳಲ್ಲಿ ಕಡಿಮೆಯಾದುದನ್ನು, ಒಂದು ವರ್ಷದ ಮಟ್ಟಿಗೆ ಬಿಟ್ಟುಕೊಡಲು ಒಪ್ಪಿದರು.

ಈ ಅಂಕಿಗಳು ಒಂದು ಮನೆಯೊಳಗೆ ಹೊಕ್ಕಾಗ ಏನಾಗುತ್ತದೆ? ನಿಲಂಗಾದ ಒಬ್ಬ ನಿವೃತ್ತ ಮಾಸ್ತರರನ್ನು ಕಲ್ಪಿಸಿಕೊಳ್ಳಬಹುದು. ಮನೆಮಾತು ಕನ್ನಡ, ಕಲಿಸಿದ್ದು ಮರಾಠಿಯಲ್ಲಿ. ಅವರ ಬಳಿ ಹದಿನಾರು ವರ್ಷದ ಸಣ್ಣ ಕಾರೊಂದಿದೆ. ಹೆಂಡತಿಯನ್ನು ತಿಂಗಳಿಗೊಮ್ಮೆ ಲಾತೂರಿನ ಆಸ್ಪತ್ರೆಗೆ ಕರೆದೊಯ್ಯುವುದು ಅದರ ಮುಖ್ಯ ಕೆಲಸ. ಪುಣೆಯಲ್ಲಿರುವ ಮಗ ರಿಯಾಯಿತಿಯ ಸುದ್ದಿ ಓದಿ, ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳೋಣವೆನ್ನುತ್ತಾನೆ. ಮಾಸ್ತರರು ಕಾಗದ, ಪೆನ್ನು ಹಿಡಿಯುತ್ತಾರೆ. ಹೊಸ ಕಾರಿನ ಬೆಲೆ 6 ಲಕ್ಷ, ತೆರಿಗೆ ಶೇ. 11 ಎಂದು ಹಿಡಿದರೆ 66,000. ಅದರಲ್ಲಿ ಕಾಲುಭಾಗ 16,500. ಕಂಪನಿಯ ಪಾಲು 9,000. ಎರಡೂ ಕೂಡಿ 25,500. ಗುಜರಿಯ ಬೆಲೆಯಾಗಿ ಸಚಿವಾಲಯದ ಅಂದಾಜಿನಂತೆ 24,000ದಿಂದ 36,000. ಎಲ್ಲವನ್ನೂ ಕೂಡಿಸಿದರೆ ಹೆಚ್ಚೆಂದರೆ 61,500. ಓಡುವ ಸ್ಥಿತಿಯಲ್ಲಿರುವ ಅದೇ ಕಾರಿಗೆ ಪಕ್ಕದ ಹಳ್ಳಿಯವನೊಬ್ಬ 70,000 ಕೊಡಲು ಸಿದ್ಧನಿದ್ದರೆ, ಯಾವ ಲೆಕ್ಕಬಲ್ಲವನು ಅದನ್ನು ಮುರಿಯಲು ಕೊಟ್ಟಾನು? “ಗಾಡಿ ಇನ್ನಾ ನಡೀತದ, ಮುರ್ಯಾದು ಯಾಕ?” ಎಂಬ ಮನೆಯೊಡತಿಯ ಪ್ರಶ್ನೆಯಲ್ಲಿ ಅರ್ಥಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆ. ರಿಯಾಯಿತಿಗಿಂತ ಹೆಚ್ಚು ಬೆಲೆಬಾಳುವ ವಾಹನ ಗುಜರಿಗೆ ಬಾರದು; ಬರುವುದು ಹೇಗೂ ಸಾಯಲಿದ್ದ ವಾಹನ. ಹಾಗೆ ಬಂದವನು ರಿಯಾಯಿತಿ ಇಲ್ಲದಿದ್ದರೂ ಇಂದಲ್ಲ ನಾಳೆ ಬೇರೊಂದನ್ನು ಕೊಳ್ಳುತ್ತಿದ್ದನು.

ಇದು ಮಾಸ್ತರರೊಬ್ಬರ ಲೆಕ್ಕ ಮಾತ್ರವಲ್ಲ. 2009ರ ಆರ್ಥಿಕ ಹಿಂಜರಿತದಲ್ಲಿ ಅಮೆರಿಕ ಹಳೆಯ ಕಾರಿಗೆ 3,500 ಅಥವಾ 4,500 ಡಾಲರ್ ಕೊಡುವ ಯೋಜನೆ ಹೂಡಿತು. ಸುಮಾರು 300 ಕೋಟಿ ಡಾಲರ್ ಒಂದೇ ತಿಂಗಳಲ್ಲಿ ಕರಗಿ, ಹತ್ತಿರಹತ್ತಿರ 6.8 ಲಕ್ಷ ಹಳೆಯ ವಾಹನಗಳ ಎಂಜಿನುಗಳು ಮತ್ತೆ ಓಡದಂತೆ ನಾಶವಾದವು. ಅಂಗಡಿಗಳ ಮುಂದೆ ಸಾಲುಗಳು ನಿಂತವು. ಆದರೆ ಆತಿಫ್ ಮಿಯಾನ್ ಮತ್ತು ಅಮೀರ್ ಸೂಫಿ ಎಂಬ ಅರ್ಥಶಾಸ್ತ್ರಜ್ಞರು ಅನಂತರ ಪರಿಶೀಲಿಸಿದಾಗ ಬೇರೆಯೇ ಚಿತ್ರ ಕಂಡಿತು. ಆ ಎರಡು ತಿಂಗಳಲ್ಲಿ ಹೆಚ್ಚುವರಿಯಾಗಿ ಮಾರಾಟವಾದವು ಸುಮಾರು 3.7 ಲಕ್ಷ ಕಾರುಗಳು. ಮುಂದಿನ ತಿಂಗಳುಗಳ ಇಳಿಕೆಯಲ್ಲಿ, 2010ರ ಮಾರ್ಚ್ ವೇಳೆಗೆ, ಆ ಗಳಿಕೆ ಬಹುತೇಕ ಅಳಿಸಿಹೋಗಿತ್ತು. ಜರ್ಮನಿ ಅದೇ ವರ್ಷ ಒಂಬತ್ತು ವರ್ಷ ಮೀರಿದ ಕಾರಿಗೆ 2,500 ಯೂರೋ ಕೊಟ್ಟಿತು. ಅಲ್ಲಿ 2009ರಲ್ಲಿ 38 ಲಕ್ಷದಷ್ಟಿದ್ದ ಹೊಸ ಕಾರುಗಳ ನೋಂದಣಿ ಮರುವರ್ಷ 29 ಲಕ್ಷಕ್ಕೆ ಇಳಿಯಿತು. ನಾಳೆಯ ಗಿರಾಕಿಯನ್ನು ಇಂದೇ ಕರೆತಂದರೆ ನಾಳೆ ಅಂಗಡಿ ಬರಿದಾಗುವುದು ಸಹಜ. ಕಾರ್ಖಾನೆ ಮುಚ್ಚಿ ಕೆಲಸಗಾರರು ಬೀದಿಗೆ ಬೀಳುವ ಹೊತ್ತಿನಲ್ಲಿ ಆ ಒಂದು ವರ್ಷದ ಸಾಲಕ್ಕೂ ಬೆಲೆಯಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಸಾಲವನ್ನು ಬೆಳೆ ಎಂದು ಕರೆಯಬಾರದು.

ಗಡಿನಾಡಿನ ಮಟ್ಟಿಗೆ ಇದಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಪುಣೆ, ಹೈದರಾಬಾದುಗಳಂಥ ನಗರಗಳಲ್ಲಿ ಮೊದಲ ಯೌವನ ಕಳೆದ ಕಾರು ಎರಡನೆಯ, ಮೂರನೆಯ ಕೈ ಬದಲಿಸಿ ಇಂಥ ತಾಲ್ಲೂಕುಗಳಿಗೆ ಬಂದು ಸೇರುತ್ತದೆ. ಇಲ್ಲಿಯ ಅನೇಕರಿಗೆ ಕಾರುಪೇಟೆ ಎಂದರೆ ಗಾಜಿನ ಷೋರೂಂ ಅಲ್ಲ. ಪರಿಚಯದ ಮೆಕ್ಯಾನಿಕ್ಕನ ಮಾತು, ನಂಬಿಕೆಯ ಮೇಲಿನ ಮುಂಗಡ. ನಗರದಲ್ಲಿ ಹಳೆಯ ಕಾರುಗಳು ಮುರಿದುಬೀಳತೊಡಗಿದರೆ ಈ ಪೇಟೆಗೆ ಬರುವ ಸರಕು ಕಡಿಮೆಯಾಗುತ್ತದೆ, ಬೆಲೆ ಏರುತ್ತದೆ. ಹೊಸದನ್ನು ಕೊಳ್ಳಬಲ್ಲವನಿಗೆ ರಿಯಾಯಿತಿ, ಹಳೆಯದನ್ನಷ್ಟೇ ಕೊಳ್ಳಬಲ್ಲವನಿಗೆ ಬೆಲೆಯೇರಿಕೆ: ಒಂದೇ ನೀತಿಯ ಎರಡು ಮುಖಗಳಿವು.

ಗಡಿಯ ತೊಡಕು ಇದರ ಮೇಲಿನದು. ಭಾಲ್ಕಿಯ ಅಳಿಯ ಕೆಎ-39ರ ಕಾರನ್ನು ಉದಗೀರದ ಮಾವನಿಗೆ ಬಿಟ್ಟುಹೋದರೆ, ಹನ್ನೆರಡು ತಿಂಗಳು ಮೀರಿದ ಮೇಲೆ ಮೋಟಾರು ವಾಹನ ಕಾಯಿದೆಯ ಪ್ರಕಾರ ಅದಕ್ಕೆ ಮಹಾರಾಷ್ಟ್ರದ ಹೊಸ ಸಂಖ್ಯೆ ಬೇಕು. ನಿರಾಕ್ಷೇಪಣಾ ಪತ್ರ, ತೆರಿಗೆ, ಕಚೇರಿಯ ಅಲೆದಾಟ ಎಲ್ಲವೂ ಬರುತ್ತವೆ. ತೆರಿಗೆಯೂ ರಿಯಾಯಿತಿಯೂ ರಾಜ್ಯರಾಜ್ಯಕ್ಕೆ ಬೇರೆ. ಮನೆಯ ಅಂಗಳದಲ್ಲಿ ತೂಗುವ ಭಂಗಾರದ ವ್ಯಾಪಾರಿ ಕೈಗೆ ನಗದು ಕೊಡುತ್ತಾನೆ, ಪ್ರಮಾಣಪತ್ರ ಕೊಡಲಾರ; ಪ್ರಮಾಣಪತ್ರ ಕೊಡುವ ನೋಂದಾಯಿತ ಕೇಂದ್ರ ಓಣಿಯ ತುದಿಯಲ್ಲಿರುವುದಿಲ್ಲ.

ಕನ್ನಡ ಐಚ್ಛಿಕ ಓದುವವರು ಇಲ್ಲಿ ಒಂದು ಶಬ್ದದ ಮೇಲೆ ಕಣ್ಣಿಡಬೇಕು: ‘ಸ್ವಯಂಪ್ರೇರಿತ’. ಪ್ರೇರಣೆ ಒಳಗಿನಿಂದ ಹುಟ್ಟಿದರೆ ಆ ಮಾತು ಸಾರ್ಥಕ. 2022ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದು 10,000 ಆಯಿತು. ಒಂದು ಕೈ ಬೆಲ್ಲ ತೋರುತ್ತಿರುವಾಗ ಇನ್ನೊಂದು ಕೈ ಬೆತ್ತ ಹಿಡಿದಿದ್ದರೆ ಆ ಪ್ರೇರಣೆಯನ್ನು ‘ಸ್ವಯಂ’ ಎನ್ನುವುದು ವ್ಯಾಕರಣಕ್ಕೆ ಒಪ್ಪಬಹುದು, ಅನುಭವಕ್ಕೆ ಒಪ್ಪದು.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ವಾದಿಸುವುದೂ ತಪ್ಪಾದೀತು. ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿ ಉಮರ್ಗಾವನ್ನು ಹಾದುಹೋಗುತ್ತದೆ. ಅದರ ಮೇಲೆ ಹಿಡಿತವಿಲ್ಲದ ಬ್ರೇಕಿನ ಜೀಪೊಂದು ಹದಿನೈದು ಜನರನ್ನು ತುಂಬಿಕೊಂಡು ಓಡಿದರೆ ಅದರ ವೆಚ್ಚವನ್ನು ತೆರುವವರು ಅದೇ ಬಡ ಪ್ರಯಾಣಿಕರು. ಅದು ಕಾರುವ ಹೊಗೆಗೆ ರಾಜ್ಯಗಡಿ ತಿಳಿಯದು. ಅಂಥ ವಾಹನ ರಸ್ತೆಯಿಂದ ಇಳಿಯಲೇಬೇಕು. ಆದರೆ ಅದನ್ನು ಇಳಿಸಬೇಕಾದುದು ವಯಸ್ಸಿನ ಎಣಿಕೆಯಲ್ಲ, ಪ್ರಾಮಾಣಿಕವಾದ ಕ್ಷಮತೆಯ ಪರೀಕ್ಷೆ. ಕಾಳಿ-ಪಿವಳಿಯ ಚಾಲಕನಿಗೆ ತೆರಿಗೆಯಲ್ಲಿ ಶೇ. 15 ಉಳಿಯುತ್ತದೆಂಬ ಮಾತು ಊಟಕ್ಕಿಲ್ಲದ ಉಪ್ಪಿನಕಾಯಿ. ಅವನಿಗೆ ಬೇಕಾದುದು ಹೊಸ ವಾಹನಕ್ಕೆ ಕಡಿಮೆ ಬಡ್ಡಿಯ ಸಾಲ.

ಪೇಟೆ ಬೆಳೆಯಬೇಕಾದರೆ ಕೊಳ್ಳುವವನ ಕೈಯಲ್ಲಿ ಹಣವಿರಬೇಕು. ಈ ಸೀಮೆಯಲ್ಲಿ ಆ ಹಣ ಬರುವುದು ಸೋಯಾಬೀನಿನಿಂದ, ತೊಗರಿಯಿಂದ, ಕಡಲೆಯಿಂದ. ಮಳೆ ಹದವಾಗಿ ಸುರಿದು ಲಾತೂರು, ಉದಗೀರಗಳ ಅಡತಿಯಲ್ಲಿ ಧಾರಣೆ ನಿಂತ ವರ್ಷ ಯಾವ ಪ್ರಮಾಣಪತ್ರದ ಹಂಗಿಲ್ಲದೆಯೂ ಟ್ರ್ಯಾಕ್ಟರು, ಬೈಕು, ಕಾರುಗಳು ಮನೆಗೆ ಬರುತ್ತವೆ. ಧಾರಣೆ ಕುಸಿದ ವರ್ಷ 25,500 ರೂಪಾಯಿಯ ರಿಯಾಯಿತಿ 6 ಲಕ್ಷದ ಸಾಲವನ್ನು ಹಗುರಗೊಳಿಸಲಾರದು. ಮಾಸ್ತರರು ಅದನ್ನು ಅರಿತು ಬ್ರೇಕಿನ ಪ್ಯಾಡು ಬದಲಿಸಿ, ನವೀಕರಣದ 5,000 ಕಟ್ಟಿ, ಮುಂದಿನ ತಿಂಗಳ ಆಸ್ಪತ್ರೆಯ ದಿನಕ್ಕೆ ಗಾಡಿಯನ್ನು ಸಿದ್ಧಮಾಡಿದರೆ, ಅವರನ್ನು ಪ್ರಗತಿಯ ವಿರೋಧಿ ಎನ್ನಲು ಯಾರಿಗೂ ಬಾಯಿ ಬಾರದು.