ಹಡಗಿನ ಪ್ರವಾಸವೂ ಛಾಯಾಚಿತ್ರವೂ

ನೆಲದ ಮೇಲೆ ಸಂಚರಿಸುವವನು ಮನಸ್ಸಿಗೆ ಒಪ್ಪಿದ ಕಡೆ ನಿಂತು ಒಂದು ಚಿತ್ರವನ್ನು ತೆಗೆದುಕೊಳ್ಳಬಹುದು. ಹಡಗಿನ ಪ್ರವಾಸಿಗೆ ಆ ಸ್ವಾತಂತ್ರ್ಯವಿಲ್ಲ. ನಿಲ್ಲುವ ಸ್ಥಳವೂ ಹೊರಡುವ ಹೊತ್ತೂ ಕಪ್ತಾನನ ಅಧೀನವಾಗಿರುವುವು. ಆದುದರಿಂದ ಅಲ್ಲಿ ಒಳ್ಳೆಯ ಛಾಯಾಚಿತ್ರವನ್ನು ಪಡೆಯಬೇಕೆಂಬವನು ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರುವುದು ಮೇಲು. ನಾವು ಅವನ್ನು ಕಲಿತುದು ತಪ್ಪು ಮಾಡಿ. ನಮ್ಮ ತಪ್ಪುಗಳಿಂದ ವಾಚಕರಿಗೆ ಪ್ರಯೋಜನವಾದೀತೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇವೆ.

2019ನೆಯ ಡಿಸೆಂಬರಿನಲ್ಲಿ ನಾವು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಐದು ದಿನಗಳ ಯಾತ್ರೆ ಹೊರಟೆವು. ಹಗಲು ಒಂದೊಂದು ದ್ವೀಪ, ರಾತ್ರಿ ಹಡಗಿನಲ್ಲಿ ವಾಸ. ಜೊತೆಯಲ್ಲಿ ಎಪ್ಪತ್ತಾರು ವರ್ಷದ ನಮ್ಮ ತಾಯಿಯವರಿದ್ದರು. ಈ ಯಾತ್ರೆ ಅವರ ಬಯಕೆಯೇ. ಅಮಿನಿ, ಕಡಮತ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ಆ ದ್ವೀಪದ ಜನರು ಮಂಗಳೂರಿನ ಬಂದರಿನಲ್ಲಿ ತೆಂಗಿನ ನಾರನ್ನು ಇಳಿಸಿ, ಅಕ್ಕಿಯನ್ನು ತುಂಬಿಕೊಂಡು ಹೋಗುವುದನ್ನು ತಾಯಿಯವರು ಬಾಲ್ಯದಲ್ಲಿ ಕಂಡಿದ್ದರು. ಆ ಓಡಗಳು ಯಾವ ಸೀಮೆಯಿಂದ ಬರುತ್ತಿದ್ದುವೆಂಬ ಕುತೂಹಲ ಅವರಿಗೆ ಅರುವತ್ತು ವರ್ಷಗಳ ಮೇಲೂ ಆರಿರಲಿಲ್ಲ. ನಮ್ಮ ಹಡಗು ಅಮಿನಿಗೆ ಹೋಗುವುದಲ್ಲ. ಕಲ್ಪೇನಿ, ಕವರತ್ತಿ, ಮಿನಿಕಾಯ್ ಎಂಬ ಮೂರು ದ್ವೀಪಗಳಿಗೆ ಮಾತ್ರ. ಆದರೂ ಅವರು ಸಂತೋಷದಿಂದಲೇ ಹೊರಟರು.

ಮೊದಲನೆಯ ಪಾಠ ಮರುದಿನದ ಮುಂಜಾನೆಯಲ್ಲಿಯೇ ಆಯಿತು. ಅರುಣೋದಯವನ್ನು ಹಿಡಿಯಬೇಕೆಂದು ತಂಪಾದ ಕೋಣೆಯಿಂದ ಮೇಲಟ್ಟಕ್ಕೆ ಓಡಿದೆವು. ಕ್ಯಾಮರಾವನ್ನು ಕಣ್ಣಿಗೆ ಹಿಡಿದರೆ ಎಲ್ಲವೂ ಮಂಜು! ಹವಾನಿಯಂತ್ರಿತ ಕೋಣೆಯಲ್ಲಿ ತಣ್ಣಗಾದ ಗಾಜಿಗೆ ಕಡಲಿನ ತೇವದ ಗಾಳಿ ತಗಲಿದೊಡನೆ ಹನಿ ಕಟ್ಟುವುದು ಸಹಜ. ಎಷ್ಟು ಒರೆಸಿದರೂ ಅದು ಮತ್ತೆ ಕವಿಯಿತು. ಅದು ಆರುವುದರೊಳಗೆ ಸೂರ್ಯನು ಮೇಲೇರಿದ್ದನು. ಅಂದಿನಿಂದ ನಾವು ಅರ್ಧ ಗಂಟೆ ಮೊದಲೇ ಎದ್ದು, ಕ್ಯಾಮರಾವನ್ನು ಮುಚ್ಚಿದ ಚೀಲದಲ್ಲಿಯೇ ಹೊರಗಿಟ್ಟು, ಅದು ಗಾಳಿಯ ಶಾಖಕ್ಕೆ ಹೊಂದಿದ ಮೇಲೆ ತೆರೆಯುತ್ತಿದ್ದೆವು. ಕೈಯಲ್ಲಿ ಹಿಡಿವ ದೂರವಾಣಿಯಿಂದ ಚಿತ್ರ ತೆಗೆಯುವವರಿಗೂ ಇದೇ ನಿಯಮ ಸಲ್ಲುವುದು.

ಎರಡನೆಯದು ಹಡಗಿನ ನಡುಕ. ಕಟಕಟೆಯ ಮೇಲೆ ಮೊಣಕೈಯೂರಿದರೆ ಕೈ ಸ್ಥಿರವಾಗಿರುವುದೆಂದು ನಂಬಿದ್ದೆವು. ವಾಸ್ತವದಲ್ಲಿ ಯಂತ್ರದ ನಡುಕವೆಲ್ಲ ಆ ಕಬ್ಬಿಣದ ಮೂಲಕ ತೋಳಿಗೇರಿ ಚಿತ್ರವನ್ನು ಕದಡುವುದು. ಕಾಲುಗಳನ್ನು ಅಗಲಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಮೊಣಕಾಲನ್ನು ತುಸು ಸಡಿಲಿಸಿ ನಿಂತರೆ ದೇಹವೇ ಅದನ್ನು ನುಂಗಿಬಿಡುವುದು. ಹಗಲಿನಲ್ಲಿ ಕ್ಷಣದ 500ನೆಯ ಒಂದು ಭಾಗದಷ್ಟು ವೇಗವಿಟ್ಟರೆ ಭಯವಿಲ್ಲ. ದಿಗಂತದ ರೇಖೆ ಓರೆಯಾಗದಂತೆಯೂ ನೋಡಬೇಕು; ಕಡಲು ಒಂದು ಕಡೆಗೆ ಚೆಲ್ಲಿಹೋಗುವಂತೆ ಕಾಣುವ ಚಿತ್ರಕ್ಕೆ ಮತ್ತಾವ ಗುಣವಿದ್ದರೂ ಶೋಭೆಯಿಲ್ಲ.

ಮೂರನೆಯ ಪಾಠವನ್ನು ಹೇಳಲು ನಾಚಿಕೆಯಾಗುವುದು. ಈ ದ್ವೀಪಗಳ ಸುತ್ತ ಹವಳದ ದಿಬ್ಬವಿರುವುದರಿಂದ ದೊಡ್ಡ ಹಡಗು ಹೊರಗಡೆಯೇ ನಿಲ್ಲುವುದು. ಪ್ರಯಾಣಿಕರು ಅದರ ಪಕ್ಕದ ಬಾಗಿಲಿನಿಂದ ಚಿಕ್ಕ ದೋಣಿಗೆ ಇಳಿಯಬೇಕು. ಅಲೆಗೆ ದೋಣಿ ಏರಿಳಿಯುತ್ತಿರುವುದು. ಕಲ್ಪೇನಿಯಲ್ಲಿ ನಾವು ಮೊದಲು ಇಳಿದು, ತಾಯಿಯವರು ಇಳಿಯುವ ಚಿತ್ರವನ್ನು ತೆಗೆಯಬೇಕೆಂದು ಎರಡು ಕೈಯಲ್ಲಿಯೂ ಕ್ಯಾಮರಾ ಹಿಡಿದು ನಿಂತೆವು. ದೋಣಿ ಒಮ್ಮೆಲೆ ತಗ್ಗಿತು. ತಾಯಿಯವರು ಕೈ ಚಾಚಿದರು. ನಮ್ಮಲ್ಲಿ ಕೊಡಲು ಬಿಡುವಾದ ಕೈ ಇರಲಿಲ್ಲ. ದೋಣಿಯವನೊಬ್ಬನು ಅವರನ್ನು ಮಗುವಿನಂತೆ ಎತ್ತಿ ಹಲಗೆಯ ಮೇಲೆ ಕುಳ್ಳಿರಿಸಿದನು. ಅವರು ಏನನ್ನೂ ಹೇಳಲಿಲ್ಲ. ಆ ಚಿತ್ರವೇನೋ ಸ್ಪಷ್ಟವಾಗಿಯೇ ಬಂದಿತ್ತು. ಚಾಚಿದ ಆ ಕೈಯನ್ನು ನೋಡಲಾರದೆ ಅಂದೇ ಅಳಿಸಿದೆವು. ಇಳಿಯುವಾಗ, ಹತ್ತುವಾಗ ಕ್ಯಾಮರಾದ ಸ್ಥಳ ಚೀಲ, ಕೈಗಳು ಜೊತೆಯವರಿಗಾಗಿ.

ದಡದ ಮೇಲಿನ ತೊಡಕು ಬೇರೆ. ಹವಳದ ಮರಳು ಹಿಟ್ಟಿನಂತೆ ಬೆಳ್ಳಗಿರುವುದು. ಕ್ಯಾಮರಾ ಆ ಹೊಳಪಿಗೆ ಹೆದರಿ ಬೆಳಕನ್ನು ತಗ್ಗಿಸುವುದರಿಂದ ಮರಳು ಬೂದಿಯಾಗಿಯೂ ಮುಖಗಳು ಕಪ್ಪಾಗಿಯೂ ಬರುವುವು. ಬೆಳಕಿನ ಗುರುತನ್ನು ಒಂದಂಶ ಹೆಚ್ಚಿಸಿಟ್ಟರೆ ಬಿಳುಪು ಬಿಳುಪಾಗಿಯೇ ಉಳಿಯುವುದು. ಉಪ್ಪುನೀರು ಸಿಡಿದ ಗಾಜನ್ನು ಒಣಬಟ್ಟೆಯಿಂದ ಉಜ್ಜಬಾರದು, ಗೀರು ಬಿದ್ದೀತು. ಸಿಹಿನೀರಿನಲ್ಲಿ ತುಸು ತೋಯಿಸಿದ ಮೆತ್ತನೆಯ ಬಟ್ಟೆಯೇ ಯೋಗ್ಯ.

ಕವರತ್ತಿಯನ್ನು ನೋಡಿ ಬಂದ ರಾತ್ರಿ, ಅದುವರೆಗಿನ ಚಿತ್ರಗಳನ್ನು ತಾಯಿಯವರಿಗೆ ಒಂದೊಂದಾಗಿ ತೋರಿಸಿದೆವು. ಅವರು ತಾಳ್ಮೆಯಿಂದ ನೋಡಿ, "ಇಷ್ಟು ನೀರು ಉಂಟಲ್ಲ ಮಗಾ, ಇದರಲ್ಲಿ ನಾವು ಎಲ್ಲಿ?" ಎಂದರು. ಎಣಿಸಿ ನೋಡಿದರೆ ಇನ್ನೂರಕ್ಕೂ ಮೀರಿದ ಚಿತ್ರಗಳಲ್ಲಿ ಅವರದೊಂದೂ ಇರಲಿಲ್ಲ. ಇದ್ದ ಒಂದನ್ನು ನಾವೇ ಅಳಿಸಿದ್ದೆವು.

ಕೊನೆಯ ದ್ವೀಪ ಮಿನಿಕಾಯ್. ಉಳಿದ ದ್ವೀಪಗಳಂತೆ ಇಲ್ಲಿನವರ ಮನೆಮಾತು ಮಲಯಾಳವಲ್ಲ. ಮಾಲ್ದೀವಿನ ನುಡಿಗೆ ಸಮೀಪವಾದ ಮಹಲ್. ಊರೊಳಗೆ ಜನರ, ಅದರಲ್ಲಿಯೂ ಹೆಂಗಸರ, ಚಿತ್ರ ತೆಗೆಯಬೇಕಾದರೆ ಮೊದಲು ಕೇಳುವುದು ಮರ್ಯಾದೆ. ಬೇಡವೆಂದರೆ ನಗುತ್ತ ಮುಂದೆ ನಡೆಯಬೇಕು. ದಕ್ಷಿಣದ ತುದಿಯಲ್ಲಿ 1885ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಹವಳದ ದಿಬ್ಬದೊಳಗಿನ ಕಡಲಕೊಳದ ಬಣ್ಣಗಳು ಎತ್ತರದಿಂದ, ಸೂರ್ಯನು ಮೇಲಿರುವಾಗ ಮಾತ್ರ ಚೆನ್ನಾಗಿ ಕಾಣುವುವು. ಬೆಳಗು ಬೈಗುಗಳ ಬೆಳಕೇ ಉತ್ತಮವೆಂಬ ಸಾಮಾನ್ಯ ನಿಯಮ ಇಲ್ಲಿ ಸಲ್ಲದು. ಓರೆಬಿಸಿಲು ನೀರಿನ ಮೈಯಿಂದ ಜಾರಿಹೋದರೆ, ಮೇಲಿನ ಬಿಸಿಲು ತಳದ ಮರಳಿನವರೆಗೆ ಇಳಿಯುವುದು. ಧ್ರುವಕ ಗಾಜನ್ನು ತೊಡಿಸಿ ಮೆಲ್ಲನೆ ತಿರುಗಿಸಿದರೆ ಮೇಲಿನ ಥಳಕು ಅಡಗಿ ಹಸುರು ನೀಲಿಗಳು ಬೇರೆಬೇರೆಯಾಗುವುವು.

ತಾಯಿಯವರಿಗೆ ಆ ಸುತ್ತುಮೆಟ್ಟಲುಗಳು ಸಾಧ್ಯವಿರಲಿಲ್ಲ. "ನೀನು ಹತ್ತಿ ಬಾ, ನಾನು ಇಲ್ಲಿಯೇ ಇರುತ್ತೇನೆ" ಎಂದರು. ನಾವು ಅರೆಮನಸ್ಸಿನಿಂದ ಏರಿದೆವು. ಮೇಲಿನಿಂದ ಕಂಡ ನೋಟ ಅದ್ಭುತವೇ ಸರಿ. ಆದರೆ ಚಿತ್ರದಲ್ಲಿ ಬರಿಯ ಬಣ್ಣದ ಬಟ್ಟೆ ಹಾಸಿದಂತಿತ್ತು. ಅದರ ವಿಸ್ತಾರಕ್ಕೆ ಅಳತೆಯೇ ಇರಲಿಲ್ಲ. ಆಗ ಕೆಳಗೆ ನೀರಿನ ಅಂಚಿನಲ್ಲಿ ಕಪ್ಪು ಕೊಡೆಯೊಂದು ಚಲಿಸಿತು. ತಾಯಿಯವರು ಒಂದು ಕೈಯಿಂದ ಸೀರೆಯ ನಿರಿಗೆಯನ್ನೆತ್ತಿ, ಹರಡಿನವರೆಗೆ ನೀರಿನಲ್ಲಿ ನಿಂತಿದ್ದರು. ನಮ್ಮೆದುರಿನಲ್ಲಿ ಅವರು ಎಂದೂ ಹಾಗೆ ಮಾಡುತ್ತಿರಲಿಲ್ಲ. ಒಂದೇ ಚಿತ್ರ ತೆಗೆದು ಕೆಳಗಿಳಿದೆವು.

ಅದನ್ನು ತೋರಿಸಿದಾಗ ಅವರು ಕನ್ನಡಕವನ್ನು ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, "ಇದು ನಾನೋ?" ಎಂದು ಕೇಳಿದರು, ಆಮೇಲೆ, "ಒಂದು ಪ್ರತಿ ತೆಗೆಸಿ ಕೊಡು" ಎಂದರು. ಅದೀಗ ಅವರ ಕೋಣೆಯ ಗೋಡೆಯ ಮೇಲಿದೆ. ಬಂದವರಿಗೆಲ್ಲ ಅವರು ಮೊದಲು ಆ ಕೊಡೆಯನ್ನು, ಆಮೇಲೆ ಕಡಲನ್ನು ತೋರಿಸುವರು.

ವಾಚಕರು ಹಡಗಿನ ಯಾತ್ರೆಗೆ ಹೊರಡುವಾಗ ಒಂದು ಮೆತ್ತನೆಯ ಬಟ್ಟೆಯನ್ನೂ ನೀರು ಒಳಗಿಳಿಯದ ಚೀಲವನ್ನೂ ಮರೆಯದಿರಲಿ. ಕಡಲು ಎಲ್ಲರ ಚಿತ್ರದಲ್ಲಿಯೂ ಇದ್ದೇ ಇರುವುದು. ಅದರ ದಡದಲ್ಲಿ ನಮ್ಮವರು ಯಾರು ನಿಂತಿದ್ದಾರೆಂಬುದನ್ನು ನಾವೇ ನೋಡಿಕೊಳ್ಳಬೇಕು.